ಕರಿಮಡ್ಡಿಯ ಬಾವಿಯೂ ಪಿಂಜಾರ ದಾವಲಜ್ಜನ ಅರಳೆಯೂ

ಈ ಕಥೆಯನ್ನು ನನಗೆ ಮೊದಲು ಹೇಳಿದವರು ನಮ್ಮ ದೊಡ್ಡವ್ವ ಗುರುಬಸವ್ವ. ಸೋಮವಾರ ಬಂತೆಂದರೆ ದೇವರ ಜಗುಲಿಯ ಮುಂದೆ ಕಾಲು ಚಾಚಿ ಕೂತು ಹೂಬತ್ತಿ ಹೊಸೆಯುತ್ತ ಹೇಳುತ್ತಿದ್ದರು. ಅವರಿಗೆ ಹೇಳಿದವಳು ಅವರ ತವರೂರಿನ ಅಗಸರ ಮುದುಕಿ. ಆ ಮುದುಕಿಗೆ ಯಾರು ಹೇಳಿದರೋ ಶಿವನೇ ಬಲ್ಲ. ನಾನು ಕೇಳಿದ್ದನ್ನು ಕೇಳಿದ ಹಾಗೆಯೇ ಬರೆಯುತ್ತೇನೆ. ನನ್ನ ಕೈಯಿಂದ ಹೆಚ್ಚೇನೂ ಸೇರಿಸಿಲ್ಲ. ಕಡಿಮೆಯನ್ನಂತೂ ಮಾಡಿಲ್ಲ.

ಬಹಳ ಬಹಳ ಹಿಂದೆ, ಎರೆಸೀಮೆಯ ಒಂದೂರಿನಲ್ಲಿ ಒಬ್ಬ ಪಿಂಜಾರನಿದ್ದನಂತೆ. ಊರಿನ ಹೆಸರು ಕರಿಮಡ್ಡಿ. ಪಿಂಜಾರನ ಹೆಸರು ದಾವಲಸಾಬ. ಎಷ್ಟು ಹಿಂದೆ ಎಂದು ಕೇಳಬೇಡಿರಿ. ಆಗ ಊರಿಗೆ ಕರೆಂಟಿನ ಕಂಬ ಬಂದಿರಲಿಲ್ಲ. ಹೆಣ್ಣುಮಕ್ಕಳು ಒಂದು ಕೊಡ ಸಿಹಿನೀರಿಗೆ ಎರಡು ಹರದಾರಿ ನಡೆಯುತ್ತಿದ್ದರು. ಇಷ್ಟು ತಿಳಿದರೆ ಸಾಕು. ಆಗ ದಾವಲಸಾಬ ಇನ್ನೂ ಕರಿಮೀಸೆಯ ಗಂಡಸು, ಆದರೂ ಜನ ಅವನನ್ನು ದಾವಲಜ್ಜ ಎಂದೇ ಹೇಳುತ್ತಾರೆ. ಕಥೆಯಲ್ಲಿ ಅವನು ಹುಟ್ಟುತ್ತಲೇ ಅಜ್ಜ.

ಅವನ ಕೆಲಸ ಅರಳೆ ಹಿಂಜುವುದು. ಆಳುದ್ದದ ಬಿಲ್ಲು, ಆ ಬಿಲ್ಲಿಗೆ ಬಿಗಿದ ನಾರಿ, ನಾರಿಯನ್ನು ಮೀಟಲು ಕಟ್ಟಿಗೆಯ ಕೊಡತಿ. ಅರಳೆಯ ಗುಡ್ಡೆಯಲ್ಲಿ ನಾರಿ ಇಳಿಸಿ ಕೊಡತಿಯಿಂದ ಹೊಡೆದರೆ 'ಡಂಯ್' ಎಂದು ನಾದ ಹೊರಟು ಅರಳೆ ಮೋಡದಂತೆ ಎದ್ದು ಬೀಳಬೇಕು. ಅರಳೆ ಒಣಗಿದ್ದರೆ ಆ ನಾದ ಬಿಚ್ಚಿಕೊಳ್ಳುತ್ತದೆ. ಅರಳೆ ಹಸಿ ಇದ್ದರೆ 'ಡಬ್' ಎಂದು ಅಲ್ಲಿಯೇ ಸತ್ತುಹೋಗುತ್ತದೆ. ದಿನವೆಲ್ಲ ಈ ಎರಡು ದನಿಯ ನಡುವೆ ಬಾಳಿದವನ ಕಿವಿ ಹೇಗಿರಬೇಡ! ಅವನು ಕಣ್ಣು ಮುಚ್ಚಿಕೊಂಡು, ಈ ಗಾದಿ ಯಾವ ಹೊಲದ ಹತ್ತಿಯದು ಎಂದು ಹೇಳುತ್ತಿದ್ದನಂತೆ. ಮೋಡ ಕಾಣುವ ಮೊದಲೇ ನಾರಿಯ ದನಿ ಕೇಳಿ, ಕಾಳು ಒಳಗೆ ತಗೊಳ್ರಿ, ಮಳಿ ಬರಾಕತ್ತೈತಿ ಎನ್ನುತ್ತಿದ್ದನಂತೆ. ಹಾಗೆಂದು ಹೇಳುತ್ತಾರೆ. ನಾನು ನಂಬುತ್ತೇನೆ.

ಆ ಊರಿನ ಗೌಡರು ಅಡಿವೆಪ್ಪಗೌಡರು. ಒಳ್ಳೆಯ ಮನುಷ್ಯ, ಆತುರ ಸ್ವಲ್ಪ ಹೆಚ್ಚು. ಊರಿಗೆ ನೀರು ಆಗಲೇಬೇಕೆಂದು ಸಂಕಲ್ಪ ಮಾಡಿ, ಊರ ಪಕ್ಕದ ತಮ್ಮ ಹೊಲದಲ್ಲಿ ಬಾವಿ ತೋಡಿಸಲು ಹಚ್ಚಿದರು. ತೋಡಲು ಬಂದವರು ವಡ್ಡರು. ಅವರ ಮುಂದಾಳು ಹುಲಗಪ್ಪ. ಕಲ್ಲಿಗೆ ಕಿವಿ ಹಚ್ಚಿ ಹಾರೆಯಿಂದ ಒಂದು ತಟ್ಟು ತಟ್ಟಿ, ಇದು ಇಲ್ಲೇ ಒಡೆಯುತ್ತದೆ ಎಂದರೆ ಅಲ್ಲೇ ಒಡೆಯುತ್ತಿತ್ತಂತೆ. ಅವನ ಹೆಂಡತಿ ಯಂಕವ್ವ ತಲೆಯ ಮೇಲೆ ಸಿಂಬಿ ಇಟ್ಟು, ಅದರ ಮೇಲೆ ಬುಟ್ಟಿ ಇಟ್ಟು ಮಣ್ಣು ಹೊರುತ್ತಿದ್ದಳು. ನಾಲ್ಕಾಳು ಆಳ ಹೋದರು. ಒಳಗೆ ಬಸಿನೀರು ಕಟ್ಟಿಕೊಂಡು ಕೆಲಸಕ್ಕೆ ತೊಡಕಾಯಿತು. ಆಗ ಗೌಡರು ಪಟ್ಟಣದಿಂದ ನೀರೆತ್ತುವ ಇಂಜಿನ್ನು ತರಿಸಿದರು.

ಇಂಜಿನ್ನು ಬಂದ ದಿನ ಊರಿಗೆ ಊರೇ ನೆರೆಯಿತು. ಹಸಿರು ಬಣ್ಣ, ಎರಡು ಗಾಲಿ, ಆನೆಯ ಸೊಂಡಿಲಿನಂಥ ಕೊಳವೆ. ಪೆಟ್ರೋಲ್ ಕುಡಿದು ಏಳುತ್ತದೆ, ಸೀಮೆಎಣ್ಣೆ ಕುಡಿದು ದುಡಿಯುತ್ತದೆ. ಅದಕ್ಕೆ ಎರಡು ಉಸಿರು. ಒಂದು ಉಸಿರಿಗೆ ಒಂದರಂತೆ ತಲೆಯ ಮೇಲೆ ಎರಡು ಗುಳಿ, ಗುಳಿಯೊಳಗೆ ಒಂದೊಂದು ಪ್ಲಗ್ಗು. ಅದರ ಜತೆ ಖಾಕಿ ಟೊಪ್ಪಿಗೆಯ ಇಂಜಿನ್ ಡ್ರೈವರ್ ಮಾರ್ತಾಂಡಪ್ಪನೂ ಬಂದ. ಅವನು ನೆರೆದವರಿಗೆಲ್ಲ ಬಿಳಿ ಪಿಂಗಾಣಿಯ ಪ್ಲಗ್ಗು ತೋರಿಸಿ, ಇದರ ತುದಿಯಲ್ಲಿ ಕಿಡಿ ಹುಟ್ಟುತ್ತದೆ, ಆ ಕಿಡಿ ಒಳಗೆ ಹೊಟ್ಟೆಯಲ್ಲಿ ಬಿದ್ದರೆ ಇಂಜಿನ್ನು ಉಸಿರಾಡುತ್ತದೆ ಎಂದು ವಿವರಿಸಿದ. ಎಲ್ಲರೂ ಹೂಂ ಎಂದರು. ದಾವಲಜ್ಜ ಮಾತ್ರ ಹೂಂ ಅನ್ನದೆ, ಕಣ್ಣು ಮುಚ್ಚಿ ಇಂಜಿನ್ನಿನ ದನಿ ಕೇಳುತ್ತ ನಿಂತಿದ್ದನಂತೆ. ಟಪ್-ಟಪ್, ಟಪ್-ಟಪ್, ಟಪ್-ಟಪ್. ಜೋಡೆತ್ತು ಒಂದೇ ಹೆಜ್ಜೆಯಲ್ಲಿ ನಡೆದ ಹಾಗೆ.

"ಏನೋ ಸಾಬಣ್ಣ, ನಿನ್ನ ಬಿಲ್ಲಿಗೂ ಇದಕ್ಕೂ ಬೀಗತನ ಮಾಡ್ತೀಯೇನು?" ಎಂದು ಮಾರ್ತಾಂಡಪ್ಪ ನಕ್ಕ.

"ದನಿ ಛಲೋ ಐತ್ರಿ. ಅರಳಿ ಒಣಗೈತಿ," ಎಂದನಂತೆ ದಾವಲಜ್ಜ. ಎಲ್ಲರೂ ಬಿದ್ದು ಬಿದ್ದು ನಕ್ಕರು.

ಈಗ ಕೇಳಿರಿ, ಬಾವಿಗೆ ನೀರು ಬಿದ್ದ ದಿನದ ಮಾತು.

ಗೌಡರ ಮಗಳಿಗೆ ಲಗ್ನ ಗೊತ್ತಾಗಿತ್ತು. ಗೌಡರ ಹೆಂಡತಿ ನೀಲಗಂಗವ್ವ ಬಾವಿಯ ಹೊಲದ ಬೇವಿನ ನೆರಳಿನಲ್ಲಿ ಜಮಖಾನೆ ಹಾಸಿ, ಮಗಳ ಲಗ್ನದ ಗಾದಿಗೆಂದು ಅರಳೆ ಹಿಂಜಲು ದಾವಲಜ್ಜನನ್ನು ಕೂರಿಸಿದ್ದರು. ಒಂದು ಗಾದಿ ಹೊಲಿದು ಮುಗಿದಿತ್ತು, ಕೆಂಪು ಅಂಚಿನದು. ಇನ್ನೊಂದಕ್ಕೆ ಅರಳೆ ಗುಡ್ಡೆ ಬಿದ್ದಿತ್ತು. ನೀಲಗಂಗವ್ವನ ಕಣ್ಣು ಅರಳೆಯ ಮೇಲೆಯೇ. ಒಂದು ಎಳೆ ಗಾಳಿಗೆ ಹಾರಿದರೂ, "ಸಾಬಣ್ಣ, ಹಾರಿತು ನೋಡು! ನನ್ನ ಮಗಳು ಮುಳ್ಳಿನ ಮ್ಯಾಲ ಮಲಗಬೇಕೇನು?" ಎನ್ನುವವರು.

ಹೊತ್ತು ಮಾರು ಏರಿತ್ತು. ಬಾವಿಯೊಳಗೆ ನಾಲ್ಕು ಮಂದಿ ವಡ್ಡರು ಕಲ್ಲು ಮೀಟುತ್ತಿದ್ದರು. ಹುಲಗಪ್ಪ ಒಂದು ಬಂಡೆಯ ಬುಡಕ್ಕೆ ಹಾರೆ ಹಾಕಿ ಎತ್ತಿದ. ಬುಸ್ಸೆಂದು ಸೆಲೆ ಒಡೆಯಿತು! ತೊಡೆಯಷ್ಟು ದಪ್ಪನೆಯ ನೀರು! "ಗಂಗವ್ವ ಬಂದ್ಳೋ!" ಎಂದು ಒಳಗಿನಿಂದ ಕೂಗು ಬಂತು. ಮೇಲೆ ಗೌಡರು ಪೇಟ ಕಿತ್ತು ಆಕಾಶಕ್ಕೆ ಎಸೆದರು. ಹಲಗೆ ಬಡಿಯುವವರು ಬಡಿದರು. ಇಂಜಿನ್ನಿನ ಸೊಂಡಿಲಿನಿಂದ ಕೆಂಪು ನೀರು ಹೋಗಿ ತಿಳಿನೀರು ಬಿತ್ತು. ಬಾಯಿಗೆ ಹಾಕಿ ನೋಡಿದರೆ ಸಿಹಿ! ಸಕ್ಕರೆಯಂಥ ಸಿಹಿ!

ಆಗ ಆಯಿತು ನೋಡಿರಿ ತಪ್ಪು. ಬೇರೆ ಯಾವ ನಾಡಿನವರೂ ಇಂಥ ತಪ್ಪು ಮಾಡಲಾರರು. ನಮ್ಮವರು ಮಾತ್ರ ಮಾಡುತ್ತಾರೆ, ಅದೂ ಭಕ್ತಿಯಿಂದ. ನಮ್ಮ ಕಡೆ ಮನೆಗೆ ಅಳಿಯ ಬಂದರೆ, ಹಬ್ಬ ಬಂದರೆ, ತಲೆಗೆ ಎಣ್ಣೆ ಒತ್ತಿ ನೀರೆರೆಯುತ್ತೇವಲ್ಲ? ಹೆಂಗಸರು ಹಾಗೆಯೇ ಯೋಚಿಸಿದರು. ಗಂಗೆಯನ್ನು ಭೂಮಿಯ ಹೊಟ್ಟೆಯಿಂದ ಮೇಲೆ ತಂದವನು ಯಾರು? ಇಂಜಿನಪ್ಪ. ಅವನಿಗೆ ಎಣ್ಣೆ ಎರೆಯದೆ ಬಿಡುವುದೇ? ಒಬ್ಬಳು ಗಿಂಡಿ ತುಂಬ ಕುಸುಬೆ ಎಣ್ಣೆ ತಂದು ಇಂಜಿನ್ನಿನ ತಲೆಗೆ ಹೊಯ್ದಳು. ಒಬ್ಬಳು ಅರಿಶಿನ ಬಳಿದಳು. ಒಬ್ಬಳು ಭಂಡಾರದ ಪುಡಿ ತೂರಿದಳು. ನೀಲಗಂಗವ್ವ ತಾವೇ ಹೊಸ ಬಾವಿಯ ಮೊದಲ ಕೊಡ ನೀರು ತಂದು, ಶಿವಶಿವಾ ಎನ್ನುತ್ತ, ಓಡುತ್ತಿದ್ದ ಇಂಜಿನ್ನಿನ ನೆತ್ತಿಯ ಮೇಲೆ ಎರೆದರು. ಕಾದ ಕಬ್ಬಿಣ ಚುಂಯ್ ಎಂದಿತು, ಹೊಗೆ ಎದ್ದಿತು. "ಅಪ್ಪ ಒಪ್ಪಿಕೊಂಡ!" ಎಂದು ಎಲ್ಲರೂ ಕೈ ಮುಗಿದರು. ಮಾರ್ತಾಂಡಪ್ಪ ತಡೆಯಬೇಕಿತ್ತು. ಆದರೆ ಅವನ ಕೊರಳಿಗೂ ಆಗಷ್ಟೇ ಹಾರ ಬಿದ್ದಿತ್ತು, ಹಣೆಗೆ ಕುಂಕುಮ ಇಡಿಸಿಕೊಳ್ಳುತ್ತ ನಿಂತಿದ್ದ.

ಬೇವಿನ ನೆರಳಿನಲ್ಲಿ ದಾವಲಜ್ಜನ ಕೊಡತಿ ಗಾಳಿಯಲ್ಲಿಯೇ ನಿಂತಿತು.

ಟಪ್... ಟಪ್... ಟಪ್... ಎಂದು ಇಂಜಿನ್ನು ಕುಂಟುತ್ತಿತ್ತು.

ಹಲಗೆಯ ಸದ್ದಿನ ಕೆಳಗೆ, ಜನರ ಕೂಗಿನ ಕೆಳಗೆ ಅವನಿಗೆ ಅದು ಕೇಳಿಸಿತು. ಅದರ ಕೆಳಗೆ ಇನ್ನೂ ಒಂದು ದನಿ ಕೇಳಿಸಿತು. ಅದು ಮನುಷ್ಯನದು. ದಾವಲಜ್ಜ ಬಿಲ್ಲು ಬಿಸಾಡಿ ಓಡಿದ. ಹಲಗೆಯವನ ಕೈ ಹಿಡಿದು ನಿಲ್ಲಿಸಿದ. "ಬಾಯಿ ಮುಚ್ಚರಿ ಎಲ್ಲಾರು! ಒಳಗ ಯಾರೋ ಒದರಾಕತ್ತಾರ!"

ಎಲ್ಲರೂ ಸುಮ್ಮನಾದರು. ಆಗ ಬಾವಿಯೊಳಗಿನ ಕೂಗು ಎಲ್ಲರಿಗೂ ಕೇಳಿತು.

ಸೆಲೆ ಒಡೆದಾಗ ಸಡಿಲಾದ ಬಂಡೆ ಉರುಳಿ ಹುಲಗಪ್ಪನ ಮೊಳಕಾಲಿನಿಂದ ಕೆಳಗೆ, ಕಾಲಿನ ಮೇಲೆ ಕೂತಿತ್ತು. ಕಾಲು ಬಂಡೆಯ ಕೆಳಗೆ, ಮನುಷ್ಯ ನೀರಿನೊಳಗೆ. ಉಳಿದ ಮೂವರು ಹಾರೆ ಹಾಕಿ ಮೀಟುತ್ತಿದ್ದರು. ನೀರು ಇಳಿದಿದ್ದರೆ ಹಾರೆ ಎಲ್ಲಿ ಹಾಕಬೇಕೆಂದು ಕಾಣುತ್ತಿತ್ತು. ಆದರೆ ನೀರು ಇಳಿಯಲಿಲ್ಲ. ಇಂಜಿನ್ನು ಎರಡು ಉಸಿರಿನಲ್ಲಿ ಎಳೆದರೆ ಮಾತ್ರ ಆ ಸೆಲೆಯನ್ನು ಗೆಲ್ಲಬಹುದಿತ್ತು. ಒಂದೇ ಉಸಿರಿನಲ್ಲಿ ಎಳೆಯುತ್ತಿದ್ದಾಗ ನೀರು ಬೆರಳು ಬೆರಳು ಏರುತ್ತಿತ್ತು. ಆಗಲೇ ಹುಲಗಪ್ಪನ ಸೊಂಟ ಮುಳುಗಿತ್ತು.

ಎಂಥ ಗಟ್ಟಿ ಜೀವ ನೋಡಿರಿ, ಅಂಥ ಹೊತ್ತಿನಲ್ಲೂ ಅವನು ಮೇಲೆ ನೋಡಿ, "ಗೌಡ್ರ, ನೀರು ಬೇಕಂದ್ರಿ, ಬಂತು! ಇನ್ನ ಸಾಕನ್ರಿ!" ಎಂದನಂತೆ.

ಯಂಕವ್ವ ದಂಡೆಯ ಮೇಲೆ ಬೋರಲಾಗಿ ಬಿದ್ದು ಒಳಗೆ ಇಣುಕಿದಳು. "ಏ ಇವನ! ನಗಬ್ಯಾಡ! ಉಸಿರು ಹಿಡಕೋ!" ಎಂದು ಬೈದಳು. ಬೈಯುತ್ತಲೇ ಅತ್ತಳು.

ಇತ್ತ ಮಾರ್ತಾಂಡಪ್ಪ ಹಾರ ಹರಿದೆಸೆದು ನಟ್ಟು ಬಿಚ್ಚುವ ಪಾನ ಹಿಡಿದು ಓಡಿ ಬಂದ. ಇಂಜಿನ್ನು ಮಿಸ್ ಹೊಡೆಯುತ್ತಿದೆ, ನಿಲ್ಲಿಸಬೇಕು, ಪ್ಲಗ್ಗು ಬಿಚ್ಚಬೇಕು, ಒಣಗಿಸಿ ಕೂರಿಸಬೇಕು ಎಂದ. ಮತ್ತೆ ಶುರು ಮಾಡಲು ಎಷ್ಟು ಹೊತ್ತು ಎಂದು ಗೌಡರು ಕೇಳಿದರು. ಬಿಸಿ ಇಂಜಿನ್ನು, ಹಟ ಮಾಡಿದರೆ ಒಂದು ತಾಸೂ ಆದೀತು ಎಂದ. ಒಂದು ತಾಸು! ನಿಲ್ಲಿಸಿದರೆ ಹತ್ತು ನಿಮಿಷದಲ್ಲಿ ನೀರು ಹುಲಗಪ್ಪನ ಮೂಗು ಮುಟ್ಟುತ್ತಿತ್ತು. ಮಾರ್ತಾಂಡಪ್ಪನೂ ಕೆಟ್ಟವನಲ್ಲ. ಕಲಿತದ್ದು ಅಷ್ಟೇ.

ದಾವಲಜ್ಜ ಇಂಜಿನ್ನಿನ ತಲೆಗೆ ಮುಖ ತಂದು ನೋಡಿದ. ಒಂದು ಗುಳಿ ಒಣಗಿತ್ತು. ಇನ್ನೊಂದು ಗುಳಿಯಲ್ಲಿ ನೀರು ತುಂಬಿ, ಪಿಂಗಾಣಿಯ ಮೇಲೆ ನೀಲಿ ಹುಳದಂಥ ಕಿಡಿ ಚಿರ್ ಚಿರ್ ಎಂದು ಹರಿದಾಡುತ್ತಿತ್ತು. ಅವನಿಗೆ ತಿಳಿದುಹೋಯಿತು. ಒಳಗೆ ಹೊಟ್ಟೆಗೆ ಬೀಳಬೇಕಾದ ಬೆಂಕಿ ಇಲ್ಲಿಯೇ ನೀರಿನಲ್ಲಿ ಜಾರಿ ಕಬ್ಬಿಣಕ್ಕೆ ಹೋಗುತ್ತಿದೆ. ಹಸಿ ಅರಳೆಯಲ್ಲಿ ನಾರಿಯ ನಾದ ಸತ್ತ ಹಾಗೆ.

"ನಿಂದರಸಬ್ಯಾಡ್ರಿ," ಎಂದ. "ಓಡೂದು ಓಡಲಿ. ನಾ ಒಣಗಸ್ತೀನಿ."

"ಹುಚ್ಚ ಏನೋ! ಅದರಾಗ ಕರೆಂಟ್ ಐತಿ! ಮುಟ್ಟಿದರ ಒದೀತೈತಿ!" ಎಂದ ಮಾರ್ತಾಂಡಪ್ಪ.

"ಒದೀಲಿ ಬಿಡ್ರಿ. ನಮ್ಮ ಮನಿ ಎಮ್ಮಿನೂ ಒದೀತೈತಿ."

ಹೀಗೆಂದವನೇ ನೆರಳಿಗೆ ಓಡಿ ಅರಳೆ ಬಾಚಿಕೊಂಡು ಬಂದ. ಅಂದೇ ಹಿಂಜಿದ, ಬಿಸಿಲು ಕುಡಿದು ಗರಿಗರಿಯಾದ ಅರಳೆ. ಮೊದಲು ಕಡ್ಡಿಗೆ ಸುತ್ತಿ ಗುಳಿಗೆ ಇಳಿಸಿದ. ಕಡ್ಡಿ ಮೇಲಿನ ನೀರು ಹೀರಿತು, ಆದರೆ ಪ್ಲಗ್ಗಿನ ಸುತ್ತ ಸಂದಿಗೆ ಹೋಗಲಿಲ್ಲ. ಅಲ್ಲಿಗೆ ಬೆರಳೇ ಬೇಕು. ಬಿಸ್ಮಿಲ್ಲಾ ಎಂದು ಬೆರಳಿಗೆ ಅರಳೆ ಸುತ್ತಿ ಒಳಗೆ ಹಾಕಿದ.

ಜುಮ್ ಎಂದು ಹೊಡೆಯಿತು! ಕೈ ಹೆಗಲಿನ ತನಕ ಹಾರಿತು! ಮತ್ತೆ ಹಾಕಿದ. ಮತ್ತೆ ಹೊಡೆಯಿತು. ಮತ್ತೆ ಹಾಕಿದ. ಎಷ್ಟು ಹೊಡೆತ ತಿಂದ? ಕೆಲವರು ನೂರು ಎನ್ನುತ್ತಾರೆ. ಕೆಲವರು ಸಾವಿರದ ಒಂದು ಎನ್ನುತ್ತಾರೆ. ಅವನ ಗಡ್ಡದ ಕೂದಲು ಎಳೆ ಎಳೆಯಾಗಿ ನೆಟ್ಟಗೆ ನಿಂತು ಅವನೇ ಹಿಂಜಿದ ಅರಳೆಯಂತಾಗಿತ್ತು ಎನ್ನುತ್ತಾರೆ. ಪ್ರತಿ ಹೊಡೆತಕ್ಕೂ ಒಂದೊಂದು ಹಸಿ ಅರಳೆಯ ಉಂಡೆ ಹೊರಗೆ ಬಂದು ಬೀಳುತ್ತಿತ್ತು. ಕೊನೆಗೆ ಪ್ಲಗ್ಗಿನ ಮೇಲೆ ಕೂರುವ ವಾಯರಿನ ಟೊಪ್ಪಿಗೆಯೊಳಗೆ ಒಂದು ಚಿಟಿಕೆ ಒಣ ಅರಳೆ ತಿರುವಿ, ಒರೆಸಿ, ಟೊಪ್ಪಿಗೆಯನ್ನು ಮತ್ತೆ ಒತ್ತಿ ಕೂರಿಸಿದ.

ಟಪ್... ಟಪ್... ಟಪ್-ಟಪ್! ಟಪ್-ಟಪ್! ಟಪ್-ಟಪ್!

ಬಂತು ಎರಡನೆಯ ಉಸಿರು! ಸೊಂಡಿಲು ಭೋರ್ಗರೆಯಿತು. ಬಾವಿಯಲ್ಲಿ ನೀರು ನಿಂತಿತು. ಆಮೇಲೆ ಇಳಿಯಿತು, ಎದೆಯಿಂದ ಸೊಂಟಕ್ಕೆ, ಸೊಂಟದಿಂದ ತೊಡೆಗೆ. "ಕಾಣಸ್ತು! ಹಾರಿ ಹಾಕೋ!" ಎಂದು ಒಳಗಿನವರು ಕೂಗಿದರು. ಬಂಡೆ ಒಂದು ಕೂದಲು ಅಲುಗಿತು. ಊರೆಲ್ಲ ಹೋ ಎಂದಿತು.

ಆ ಹೋ ಮುಗಿಯುವ ಮೊದಲೇ ಟಪ್... ಟಪ್... ಟಪ್...

ಮತ್ತೆ ಕುಂಟಿತು! ನೀರು ಮತ್ತೆ ಏರಿತು. ಅಲುಗಿದ ಬಂಡೆ ಮತ್ತೆ ಕೂತಿತು. ಹುಲಗಪ್ಪ ಕೂಗಿದ್ದು ಈಗ ನಗೆಮಾತಲ್ಲ. ಸಾಯುವವನ ಕೂಗು.

ನೀರು ಒರೆಸಿದ್ದಾಗಿದೆ, ಇನ್ನೇನು? ಮಂದಿ ಒಂದೊಂದು ಹೇಳಿದರು. ಗಂಗವ್ವ ಬಲಿ ಕೇಳುತ್ತಿದ್ದಾಳೆ ಎಂದರು. ಇಂಜಿನ್ನಿಗೆ ದೃಷ್ಟಿಯಾಗಿದೆ, ಲಿಂಬೆಹಣ್ಣು ಇಳಿಸಿರಿ ಎಂದರು. ದಾವಲಜ್ಜ ಯಾರ ಮಾತಿಗೂ ಕಿವಿಗೊಡದೆ ಹೊರಗೆ ತೆಗೆದ ಅರಳೆಯನ್ನು ಬೆರಳಿನಲ್ಲಿ ತಿಕ್ಕಿ ನೋಡಿದ. ಮೂಸಿ ನೋಡಿದ. ಅದು ನೀರಲ್ಲ. ಜಿಡ್ಡು! ಕುಸುಬೆ ಎಣ್ಣೆ! ಇಂಜಿನ್ನು ಕಾದಂತೆ ತಲೆಗೆ ಹೊಯ್ದ ಎಣ್ಣೆ ತೆಳ್ಳಗಾಗಿ, ಅರಿಶಿನ ಭಂಡಾರಗಳನ್ನೆಲ್ಲ ಕೂಡಿಸಿಕೊಂಡು, ನೀರಿನ ಪಸೆಯನ್ನೂ ಹೊತ್ತುಕೊಂಡು, ರಾಡಿಯಾಗಿ ಇಳಿಜಾರಿನ ಆ ಗುಳಿಗೇ ಹರಿದು ಬರುತ್ತಿತ್ತು. ಒರೆಸಿದಷ್ಟೂ ಬರುತ್ತಿತ್ತು.

"ಸೀಮೆಎಣ್ಣಿ ಹಾಕಿ ತೊಳೆದು ಬಿಡೂಣು!" ಎಂದು ಮಾರ್ತಾಂಡಪ್ಪ ಡಬ್ಬಿ ಎತ್ತಿದ.

ದಾವಲಜ್ಜ ಅವನ ರಟ್ಟೆ ಹಿಡಿದ. "ಕಿಡಿ ಹಾರಾಕತ್ತೈತಲ್ರಿ! ಇಂಜಿನ್ನೂ ಸುಡ್ತೈತಿ, ನಾವೂ ಸುಡ್ತೀವಿ! ಬೇಕಾದ್ದು ಒಡ್ಡು. ಹೊಲಕ್ಕ ಹಾಕೂ ಹಂಗ ಒಡ್ಡು ಹಾಕಬೇಕು!"

ಗುಳಿಯ ಸುತ್ತ ಉಂಗುರದಂಥ ಒಡ್ಡು ಬೇಕು. ಏನಿದೆ ಉಂಗುರದಂಥದ್ದು? ಎಲ್ಲರೂ ಅತ್ತಿತ್ತ ನೋಡಿದರು. ಯಂಕವ್ವ ದಂಡೆಯಿಂದ ಎದ್ದು ಬಂದಳು. ಸೊಂಟಕ್ಕೆ ಸಿಕ್ಕಿಸಿದ್ದ ಸಿಂಬಿ ಕಿತ್ತು ಅವನ ಮುಂದೆ ಹಿಡಿದಳು. ಹಳೆಯ ಸೀರೆಯ ಸಿಂಬಿ, ಬೆವರು ಒಣಗಿ ಗಟ್ಟಿಯಾದದ್ದು.

"ಇದರ ಮ್ಯಾಲ ಗುಡ್ಡದಷ್ಟು ಮಣ್ಣು ಹೊತ್ತೀನ್ರಿ ಅಣ್ಣ. ಇದು ಸೋಲಾಕಿಲ್ಲ," ಎಂದಳಂತೆ.

ದಾವಲಜ್ಜ ಸಿಂಬಿಗೆ ಸುತ್ತಲೂ ಅರಳೆ ಬಿಗಿದು, ಗುಳಿಯ ಸುತ್ತ ಒತ್ತಿ ಕೂರಿಸಿದ. ಹರಿದು ಬಂದ ರಾಡಿ ಒಡ್ಡಿಗೆ ಬಡಿದು ನಿಂತಿತು. ಅರಳೆ ಅದನ್ನು ಕುಡಿಯಿತು. ಕುಡಿದ ಅರಳೆ ಕಿತ್ತು ಹೊಸ ಅರಳೆ ಇಟ್ಟ. ಒಂದು ಕೈ ಒಡ್ಡಿನ ಮೇಲೆ, ಒಂದು ಕೈ ಗುಳಿಯಲ್ಲಿ. ಹೊಡೆತದ ಮೇಲೆ ಹೊಡೆತ. ಈಗ ಮಾರ್ತಾಂಡಪ್ಪನೂ ಟೊಪ್ಪಿಗೆ ತೆಗೆದಿಟ್ಟು ಅವನ ಪಕ್ಕದಲ್ಲಿ ನಿಂತು ಇಂಜಿನ್ನಿನ ತಲೆಯ ಎಣ್ಣೆಯನ್ನು ಬಳಿ ಬಳಿದು ತೆಗೆದ. ಅರಳೆ ಬೇಕು, ಇನ್ನೂ ಅರಳೆ ಬೇಕು! ಗುಡ್ಡೆ ಕರಗಿತು. ಬೇವಿನ ನೆರಳಿನಲ್ಲಿ ಬರೀ ಜಮಖಾನೆ ಉಳಿಯಿತು. ಹಸಿ ಅರಳೆಯ ಉಂಡೆಗಳು ಇಂಜಿನ್ನಿನ ಸುತ್ತ ಕರಿಹೆಂಟೆಯ ಹಾಗೆ ಬಿದ್ದವು. ಉಸಿರು ಒಮ್ಮೆ ಎರಡಾಯಿತು, ಒಮ್ಮೆ ಒಂದಾಯಿತು. ಹುಲಗಪ್ಪನ ಗದ್ದಕ್ಕೆ ನೀರು ಮುಟ್ಟಿತ್ತು. ಮೂವರು ಅವನ ತಲೆಯನ್ನು ಎತ್ತಿ ಹಿಡಿದಿದ್ದರು.

"ಅರಳಿ!" ಎಂದ ದಾವಲಜ್ಜ. ಯಾರ ಹತ್ತಿರವೂ ಇರಲಿಲ್ಲ. ಕೆಲವರು ಪಂಜೆಯ ಸೆರಗು ಹರಿದು ಕೊಟ್ಟರು, ಅದು ಜಿಡ್ಡು ಹೀರಲಿಲ್ಲ. ಊರಿಗೆ ಹೋಗಿ ತರಲು ಹೊತ್ತಿರಲಿಲ್ಲ.

ಹೊಲಿದ ಗಾದಿ ಒಂದಿತ್ತು. ಎಲ್ಲರ ಕಣ್ಣೂ ಅದರ ಮೇಲೆ ಹೋಯಿತು, ಎಲ್ಲರೂ ಕಣ್ಣು ತಿರುಗಿಸಿದರು. ಲಗ್ನದ ಗಾದಿ. ಅರಿಶಿನ ಹಚ್ಚಿ, ಮೂಲೆಗೆ ಅಡಿಕೆ ಬೆಳ್ಳಿ ಇಟ್ಟು ಹೊಲಿದದ್ದು. ಲಗ್ನಕ್ಕೆ ಮೊದಲು ಅದಕ್ಕೆ ಕತ್ತರಿ ತಾಗಿದರೆ ಸಂಸಾರ ಹರಿದಂತೆ ಎಂದು ನಮ್ಮಲ್ಲಿ ನಂಬಿಕೆ. ಗೌಡರು ಹೆಂಡತಿಯ ಮುಖ ನೋಡಿದರು.

ಒಂದು ಎಳೆ ಹಾರಿದರೆ ಬೈಯುತ್ತಿದ್ದ ನೀಲಗಂಗವ್ವ! ಆಕೆ, ಹುಲ್ಲು ಕೊಯ್ಯುವುದನ್ನು ಬಿಟ್ಟು ನೋಡಲು ಬಂದಿದ್ದ ಒಬ್ಬಳ ಕೈಯಿಂದ ಕುಡುಗೋಲು ಕಸಿದುಕೊಂಡರು. ಗಾದಿಯ ಹತ್ತಿರ ಹೋಗಿ ಒಂದೇ ಎಳೆತಕ್ಕೆ ನಡು ಸೀಳಿದರು.

"ಯವ್ವಾ, ಅಪಶಕುನ!" ಎಂದಳು ಯಾರೋ ಮುದುಕಿ.

"ನಾ ಕೈಯಾರ ನೀರು ಹೊಯ್ದು ಒಬ್ಬಾಕಿ ಕುಂಕುಮ ಅಳಸಾಕ ನಿಂತೀನಿ, ಅದಕ್ಕಿಂತ ಅಪಶಕುನ ಯಾವುದೈತಿ? ನನ್ನ ಮಗಳು ಚಾಪಿ ಮ್ಯಾಲ ಮಲಗ್ತಾಳ! ತಗೋ ಸಾಬಣ್ಣ!"

ಎರಡೂ ಕೈಯಿಂದ ಅರಳೆ ಕಿತ್ತು ಕಿತ್ತು ಕೊಟ್ಟರಂತೆ. ಗೌಡಸಾನಿಯ ತಲೆತುಂಬ ಅರಳೆ, ಮುಖತುಂಬ ಅರಳೆ. ಮದುಮಗಳಾಗುವ ಮಗಳೂ ಓಡಿ ಬಂದು ಅವ್ವನ ಜತೆ ಅರಳೆ ಕಿತ್ತಳಂತೆ. ಹೆಂಗಸರೆಲ್ಲ ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸಿದರು. ನೀರು ಹೊಯ್ದ ಕೈಗಳೇ, ಎಣ್ಣೆ ಹೊಯ್ದ ಕೈಗಳೇ.

ದಾವಲಜ್ಜ ಒಡ್ಡು ಹೊಸದಾಗಿ ಕಟ್ಟಿದ. ಗುಳಿಯನ್ನು ಕೊನೆಯ ಸಲ ಒರೆಸಿದ. ಗುಳಿಯ ತಳ ಬೆಳ್ಳಗೆ ಕಂಡಿತು. ಪಿಂಗಾಣಿ ಮಿಂಚಿತು. ನೀಲಿ ಹುಳ ಮಾಯವಾಯಿತು. ಅವನ ಬೆರಳಿಗೆ ಹೊಡೆತ ನಿಂತಿತು.

ಟಪ್-ಟಪ್! ಟಪ್-ಟಪ್! ಟಪ್-ಟಪ್!

ಈ ಸಲ ಕುಂಟಲಿಲ್ಲ. ಆ ದನಿ ಎರಡು ಹರದಾರಿ ಆಚೆಯ ಊರಿಗೂ ಕೇಳಿಸಿತಂತೆ. ನೀರು ಗದ್ದದಿಂದ ಎದೆಗೆ ಇಳಿಯಿತು, ಎದೆಯಿಂದ ಸೊಂಟಕ್ಕೆ, ಸೊಂಟದಿಂದ ಮೊಳಕಾಲಿಗೆ. ಬಂಡೆಯ ಬುಡ ಕಂಡಿತು. ಹುಲಗಪ್ಪ ತಾನೇ ಬೆರಳು ತೋರಿಸಿ, "ಅಲ್ಲಿ ಅಲ್ಲ, ಇಲ್ಲಿ ಹಾಕ್ರೋ ಹಾರಿ! ಕಲ್ಲು ಒಡೆಯೂದು ನಾ ಕಲಿಸಿದ್ದು ಮರತೀರೇನು?" ಎಂದ. ಮೂರು ಹಾರೆ ಒಂದೇ ಸಲ ಬಿದ್ದವು. ಬಂಡೆ ಹೊರಳಿತು!

ಹಗ್ಗ ಬಿಟ್ಟರು. ಊರಿಗೆ ಊರೇ ಹಗ್ಗ ಹಿಡಿಯಿತು. ಮೇಲೆ ಬಂದಾಗ ಹುಲಗಪ್ಪನ ಕಾಲು ಮುರಿದಿತ್ತು, ಜೀವ ಇತ್ತು. ಯಂಕವ್ವ ಅವನ ಕೆನ್ನೆಗೆ ಒಂದು ಬಿಟ್ಟಳು, ಆಮೇಲೆ ತಬ್ಬಿಕೊಂಡಳು. ನೀಲಗಂಗವ್ವ ಆ ವಡ್ಡರ ಹೆಣ್ಣುಮಗಳ ಮುಂದೆ ಮಂಡಿಯೂರಿ, ನನ್ನ ತಪ್ಪು ಹೊಟ್ಟೆಗೆ ಹಾಕಿಕೋ ತಂಗಿ ಎಂದರಂತೆ. ಗೌಡಸಾನಿ ಹಾಗೆ ಕೂತದ್ದನ್ನು ಆ ಊರು ಅದಕ್ಕೆ ಮೊದಲು ಕಂಡಿರಲಿಲ್ಲ. ಯಂಕವ್ವ ಆಕೆಯ ಕೂದಲಿನ ಅರಳೆ ಒಂದೊಂದೇ ಎಳೆ ಆರಿಸಿ ತೆಗೆದಳಂತೆ.

ದಾವಲಜ್ಜ ಎಲ್ಲಿ ಎಂದು ನೋಡಿದರೆ, ಇಂಜಿನ್ನಿಗೆ ಒರಗಿ ಕೂತಿದ್ದ. ಕೈ ಇನ್ನೂ ತಾನೇ ಹಾರುತ್ತಿತ್ತು. ಮಾರ್ತಾಂಡಪ್ಪ ಅವನ ಬೆರಳುಗಳನ್ನು ಹಿಡಿದು ಒತ್ತುತ್ತ ಕೂತಿದ್ದ.

ಅಲ್ಲಿಂದ ಮುಂದೆ ಅವನ ಹೆಸರು ಎಲ್ಲೆಲ್ಲಿಗೆ ಹೋಯಿತೆಂದು ಹೇಳಿ ಮುಗಿಯುವುದಿಲ್ಲ. ಹಿಟ್ಟಿನ ಗಿರಣಿಯವರು ಕರೆದರು, ಮೋಟಾರಿನವರು ಕರೆದರು, ಜೀಪಿನ ಸಾಹೇಬರೂ ಕರೆದರು. ಅವನು ಹೋಗಿ ಮೊದಲು ಕಣ್ಣು ಮುಚ್ಚಿ ಕೇಳುವನು. ಆಮೇಲೆ, ಮೂರನೇ ಗುಳಿಯಲ್ಲಿ ನೀರು ಎನ್ನುವನು, ಅಥವಾ ಒಂದನೇ ಗುಳಿಯಲ್ಲಿ ಎಣ್ಣೆ ಎನ್ನುವನು. ನೀರಾದರೆ ಒರೆಸಿ ಬಿಡುವನು. ಎಣ್ಣೆಯಾದರೆ ಅದು ಎಲ್ಲಿಂದ ಬಂತೆಂದು ಹುಡುಕದೆ ಬಿಡುವವನಲ್ಲ. ಮುಚ್ಚಳದ ಪ್ಯಾಕಿಂಗ್ ಹೋಗಿದೆ, ಅದನ್ನು ಬದಲಿಸಿರಿ, ಇಲ್ಲದಿದ್ದರೆ ನಾಳೆ ಮತ್ತೆ ನನ್ನನ್ನೇ ಕರೆಯುತ್ತೀರಿ ಎನ್ನುವನು. ಮಾರ್ತಾಂಡಪ್ಪ ಪಾನದ ಚೀಲ ಹಿಡಿದು ಅವನ ಜತೆ ಹನ್ನೆರಡು ಊರು ತಿರುಗಿದನಂತೆ. ಒಮ್ಮೆ ಊರ ಹೊರಗಿನ ಏರಿನಲ್ಲಿ ಮೋಟಾರು ಬರುತ್ತಿರುವಾಗಲೇ, ಮನೆಯೊಳಗೆ ಊಟಕ್ಕೆ ಕೂತ ದಾವಲಜ್ಜ ತುತ್ತು ನಿಲ್ಲಿಸಿ, ಪಾಪ, ಅದಕ್ಕ ಥಂಡಿ ಆಗೈತಿ ಎಂದನಂತೆ. ಯಾವ ಮಂತ್ರ ಹಾಕುತ್ತೀ ಎಂದು ಯಾರೋ ಕೇಳಿದರು. "ಬೆಂಕಿ ಕೂಡೂ ಗದ್ದಗಿ ಒಣಗಿರಬೇಕು. ಇಷ್ಟ ಮಂತ್ರ," ಎಂದನಂತೆ.

ನಾನು ದಿನವೂ ಲಿಂಗಕ್ಕೆ ನೀರೆರೆಯುವವನು. ಎರೆಯುವುದು ತಪ್ಪೆಂದು ದಾವಲಜ್ಜ ಎಂದೂ ಹೇಳಲಿಲ್ಲ. ಯಾವ ದೇವರಿಗೆ ಏನು ಬೇಕು ಎಂದು ಕೇಳಿ ಕೊಡಬೇಕು ಎಂದ, ಅಷ್ಟೇ. ನನಗೆ ಇದು ದೊಡ್ಡ ಉಪದೇಶವಾಗಿ ಕಂಡಿದೆ.

ಈಗಲೂ ಆ ಸೀಮೆಯಲ್ಲಿ ಮಹಾನವಮಿಯ ದಿನ ಟ್ರ್ಯಾಕ್ಟರಿಗೆ, ಜೀಪಿಗೆ, ಮೋಟರ್ ಸೈಕಲ್ಲಿಗೆ ಪೂಜೆ ಮಾಡುವಾಗ ಇಂಜಿನ್ನಿನ ತಲೆಗೆ ನೀರು ಹೊಯ್ಯುವುದಿಲ್ಲ, ಎಣ್ಣೆ ಬಿಡುವುದಿಲ್ಲ. ಕಾಯಿ ಒಡೆಯುವುದು ಗಾಲಿಯ ಹತ್ತಿರ. ಮನೆಯ ಹಿರಿಯ ಹೆಣ್ಣುಮಗಳು ಒಣ ಅರಳೆಯಿಂದ ಒಮ್ಮೆ ಸುತ್ತಲೂ ಒರೆಸಿದ ಮೇಲೆಯೇ ಕುಂಕುಮ. ದಾವಲಜ್ಜನ ಗೋರಿ ಕರಿಮಡ್ಡಿಯ ಹೊರಗಿದೆ. ಅಲ್ಲಿಗೂ ಎಣ್ಣೆ ಒಯ್ಯುವುದಿಲ್ಲ, ಹಿಡಿ ಅರಳೆ ಇಟ್ಟು ಬರುತ್ತಾರೆ.

ಇನ್ನೊಂದಿದೆ, ಅದೇ ಹೆಚ್ಚಿನದು. ಆ ಸೀಮೆಯಲ್ಲಿ ಎಲ್ಲಿಯೇ ಹೊಸ ಬಾವಿಗೆ ನೀರು ಬೀಳಲಿ, ಹಲಗೆ ಬಾರಿಸುವುದಿಲ್ಲ, ಆರತಿ ಎತ್ತುವುದಿಲ್ಲ. ಎಲ್ಲರೂ ಸುಮ್ಮನೆ ದಂಡೆಯ ಮೇಲೆ ನಿಲ್ಲುತ್ತಾರೆ. ಒಳಗಿಳಿದವರು ಒಬ್ಬೊಬ್ಬರೇ ಮೇಲೆ ಬಂದು ತಮ್ಮ ಹೆಸರು ಹೇಳಬೇಕು. ಕೊನೆಯವನ ಹೆಸರು ಕೇಳಿದ ಮೇಲೆಯೇ ಗಂಗವ್ವನಿಗೆ ಕೈ ಮುಗಿಯುವುದು. ಅಲ್ಲಿಯವರೆಗೆ ಗಂಗವ್ವ ಕಾಯುತ್ತಾಳೆ.

ಇಷ್ಟು ನಾನು ಕೇಳಿದ್ದು. ನೀವು ಓದಿದ್ದೀರಿ, ಇನ್ನು ಇದು ನಿಮ್ಮದು. ಮನೆಯಲ್ಲಿ ಕೂರಿಸಿಕೊಂಡು ಯಾರಿಗಾದರೂ ಹೇಳಿರಿ. ದಾವಲಜ್ಜ ತಿಂದ ಹೊಡೆತಗಳನ್ನು ನಿಮಗೆ ತಿಳಿದಷ್ಟು ಹೆಚ್ಚಿಸಿ ಹೇಳಿರಿ, ಅವನು ಬೇಸರ ಮಾಡಿಕೊಳ್ಳುವವನಲ್ಲ. ಆದರೆ ಆ ಯಂಕವ್ವನ ಸಿಂಬಿಯನ್ನೂ ಆ ನೀಲಗಂಗವ್ವನ ಕುಡುಗೋಲನ್ನೂ ಮಾತ್ರ ಬಿಟ್ಟು ಹೇಳಬೇಡಿರಿ.